ಓಟು ಹಾಕಿ ಆಯಿತು, ಫಲಿತಾಂಶಕ್ಕೆ ಇನ್ನೂ 36 ದಿನ. ಅಲ್ಲಿಯವರೆಗೆ ಮನೆ ನಡೆಸುವುದು ಹೇಗೆ?

ಸರಸ್ವತಿಪುರಂ_ಸೊಸೆ | 29 ಏಪ್ರಿಲ್ 2024, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದಿ ಸುಮ್ನೆ ಹೋಗುವವಳು ನಾನು. ಇವತ್ತು ತಡೆಯಲಾಗದೆ ಬರೆಯುತ್ತಿದ್ದೇನೆ.

ನಮ್ಮದು ಮೈಸೂರು. ಮನೆಯಲ್ಲಿ ಮಾವ, ಅತ್ತೆ, ನಾವಿಬ್ಬರು, ಒಂಬತ್ತು ವರ್ಷದ ಮಗಳು. ಮಾವನವರದು ಒಂದು ಪಕ್ಷ, ನಮ್ಮ ಯಜಮಾನರದು ಇನ್ನೊಂದು. ಯಾವುದು ಅಂತ ಕೇಳಬೇಡಿ. ಹೇಳಿದರೆ ಇಲ್ಲೂ ಅದೇ ಜಗಳ ಶುರುವಾಗುತ್ತದೆ. ಅತ್ತೆಯದು ಯಾವ ಪಕ್ಷ ಅಂತ ಇಷ್ಟು ವರ್ಷವಾದರೂ ಮಾವನಿಗೇ ಗೊತ್ತಿಲ್ಲ.

ಅಪ್ಪ ಮಗನ ವಾದ ಹೊಸದೇನಲ್ಲ. ದಿನಾ ಸಂಜೆ ಟೀವಿ ಮುಂದೆ ಕೂತು ಕೂಗಾಡುತ್ತಾರೆ, ಒಂಬತ್ತಕ್ಕೆ ಊಟಕ್ಕೆ ಕರೆದರೆ ಎದ್ದು ಬರುತ್ತಾರೆ. ಸಾರು ಚೆನ್ನಾಗಿದ್ದರೆ ಮರೆತೂ ಬಿಡುತ್ತಾರೆ. ಈ ಸಲ ಹಾಗಾಗಲಿಲ್ಲ. 26ಕ್ಕೆ ಬೆಳಗ್ಗೆ ಏಳಕ್ಕೇ ಒಂದೇ ಕಾರಿನಲ್ಲಿ ಹೋಗಿ ಓಟು ಹಾಕಿ ಬಂದೆವು. ಬೆರಳು ತೋರಿಸಿಕೊಂಡು ಫೋಟೋ ಬೇರೆ. ಮನೆಗೆ ಬಂದು ಇಡ್ಲಿ ತಿನ್ನುವಾಗ ಇವರು ನಗುತ್ತಲೇ ಅಂದರು, "ಅಪ್ಪ, ನಿಮ್ಮ ಓಟಿಗೂ ನನ್ನ ಓಟಿಗೂ ವಜಾ. ಇಬ್ಬರೂ ಮನೇಲೇ ಮಲಗಿದ್ದಿದ್ರೆ ಪೆಟ್ರೋಲಾದ್ರೂ ಉಳೀತಿತ್ತು."

ಮಾವ ಏನೂ ಹೇಳಲಿಲ್ಲ. ತಟ್ಟೆಯಲ್ಲಿ ಇನ್ನೂ ಎರಡು ಇಡ್ಲಿ ಇತ್ತು. ಹಾಗೇ ಎದ್ದು ಕೈ ತೊಳೆದರು. ಅಂದಿನಿಂದ ಮಾತಿಲ್ಲ.

ಬೆಳಗ್ಗೆ ಪೇಪರ್ ಮೊದಲು ಮಾವ ಓದುತ್ತಾರೆ. ಕ್ರೀಡಾ ಪುಟ ಬೇರೆ ಮಾಡಿ, ನಾಲ್ಕು ಮಡಿಕೆ ಮಡಿಚಿ, ಇವರ ಕಾಫಿ ಲೋಟದ ಪಕ್ಕ ಇಡುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ. ಈಗ ಇಡೀ ಪೇಪರ್ ಅವರ ದಿಂಬಿನ ಕೆಳಗೆ. ಮಗಳು ಅಂಚೆಯವಳಾಗಿದ್ದಾಳೆ. "ತಾತ, ಗ್ಯಾಸ್ ಬುಕ್ ಮಾಡಿದೀರಾ ಅಂತ ಅಪ್ಪ ಕೇಳ್ತಿದಾರೆ." "ಮಾಡಿದೀನಿ ಅಂತ ನಿಮ್ಮಪ್ಪನಿಗೆ ಹೇಳು." ಇಬ್ಬರ ನಡುವೆ ಮೂರು ಅಡಿ ದೂರ ಇಲ್ಲ!

ಬೆಳಗಾವಿಯಲ್ಲಿರುವ ನಾದಿನಿ ಮೇ 7ಕ್ಕೆ ಓಟು ಹಾಕಿ, ಮಕ್ಕಳನ್ನು ಕರೆದುಕೊಂಡು ರಜೆಗೆ ಬರುತ್ತಾಳೆ. ಜೊತೆಗೆ ಅಳಿಯಂದಿರು. ಅವರದು "ಎಲ್ಲರೂ ಕಳ್ಳರೇ" ಪಕ್ಷ. ಫಲಿತಾಂಶ ಜೂನ್ 4ಕ್ಕೆ. ಅಲ್ಲಿಯವರೆಗೆ ಏನು ಮಾಡಲಿ? ನಿಮ್ಮ ಮನೆಗಳಲ್ಲಿ ಹೇಗೆ?

ನಿರ್ವಾಹಕ

ಶುರುವಿನಲ್ಲೇ ಹೇಳಿಬಿಡುತ್ತೇನೆ. ಈಗಿನ ಪಕ್ಷ, ಅಭ್ಯರ್ಥಿಗಳ ಹೆಸರು ಬರೆದರೆ ಉತ್ತರ ಅಳಿಸುತ್ತೇನೆ. ನೀತಿ ಸಂಹಿತೆ ನಮ್ಮಲ್ಲೂ ಇದೆ.

ಹುಬ್ಬಳ್ಳಿ_ಹೈದ

ರಿಮೋಟಿನ ಸೆಲ್ ತೆಗೆದು ಅಕ್ಕಿ ಡಬ್ಬಿಯೊಳಗೆ ಇಡ್ರಿ. ಮುಗೀತು.

ಬನಶಂಕರಿ_ಬಾಡಿಗೆದಾರ

ಈಗ ರಿಮೋಟ್ ಯಾರಿಗೆ ಬೇಕು ಗುರು, ಮೊಬೈಲ್ ಸಾಕು. ನಮ್ಮಪ್ಪ ಸ್ನಾನಕ್ಕೆ ಹೋದಾಗಲೂ ಚರ್ಚೆ ಹಾಕಿಕೊಂಡು ಹೋಗುತ್ತಾರೆ. ನೀರಿನ ಸದ್ದಿಗಿಂತ ಆಂಕರ್ ಸದ್ದು ಜಾಸ್ತಿ.

ಹುಬ್ಬಳ್ಳಿ_ಹೈದ

ಬೆಂಗಳೂರಾಗ ಸ್ನಾನಕ್ಕ ನೀರು ಸಿಗಾಕತ್ತದೇನು ಈಗ?

ಬನಶಂಕರಿ_ಬಾಡಿಗೆದಾರ

ಟ್ಯಾಂಕರ್ ಬಂದ ದಿನ ಮಾತ್ರ. ಬೇಡ ಬಿಡು, ಅದಕ್ಕೆ ಬೇರೆ ಚರ್ಚೆನೇ ಶುರು ಮಾಡಬೇಕು.

ತೋಟದಮನೆ_ದೊಡ್ಡಮ್ಮ

ಮಗಳೇ, ನನಗೆ 66. 1978ರಲ್ಲಿ ಮದುವೆಯಾಗಿ ಚಿಕ್ಕಮಗಳೂರು ಹತ್ತಿರದ ತೋಟದ ಮನೆಗೆ ಬಂದೆ. ಆರು ತಿಂಗಳೂ ಆಗಿರಲಿಲ್ಲ, ಇಂದಿರಾ ಗಾಂಧಿ ಅಲ್ಲಿಂದ ಉಪಚುನಾವಣೆಗೆ ನಿಂತರು. (ನಿರ್ವಾಹಕರೇ, ಇದು 46 ವರ್ಷದ ಹಿಂದಿನ ಮಾತು, ಅಳಿಸಬೇಡಿ.) ನಮ್ಮ ಮಾವ ಇಂದಿರಮ್ಮನ ಕಡೆ, ದೊಡ್ಡ ಭಾವ ವೀರೇಂದ್ರ ಪಾಟೀಲರ ಕಡೆ. ಒಂದೇ ಅಂಗಳದಲ್ಲಿ ಎರಡು ಜೀಪು, ಎರಡು ಬಾವುಟ. ಬೆಳಗಾದರೆ ಎರಡೂ ಕಡೆಯವರು ಬಂದು ಜಗಲಿ ತುಂಬಿಕೊಳ್ಳುತ್ತಿದ್ದರು. ಅಡುಗೆಮನೆಯಲ್ಲಿ ನಾವು ಮೂವರು ಹೆಂಗಸರು. ಯಾರು ಯಾರ ಕಡೆ ಅಂತ ನಮಗೇನು ಗೊತ್ತು? ಎಲ್ಲರಿಗೂ ಅದೇ ಅಕ್ಕಿ ರೊಟ್ಟಿ, ಅದೇ ಕಾಯಿ ಚಟ್ನಿ. ರೊಟ್ಟಿ ತಟ್ಟಿ ತಟ್ಟಿ ನನ್ನ ಬೆರಳ ತುದಿಯೆಲ್ಲ ಬೊಬ್ಬೆ.

ಇಂದಿರಮ್ಮ ಎಪ್ಪತ್ತು ಸಾವಿರಕ್ಕೂ ಜಾಸ್ತಿ ಓಟಿನಿಂದ ಗೆದ್ದರು. ಮಾವ ಪಟಾಕಿ ಸರ ತಂದು ಅಂಗಳದಲ್ಲಿ ಹರಡಿದರು. ಅತ್ತೆ ಬಾಗಿಲಿಗೆ ಬಂದು ಒಂದೇ ಮಾತು ಹೇಳಿದರು, "ಗೇಟಿನ ಆಚೆ ಹಚ್ಚಿ. ಒಳಗೆ ಸೋತವನು ಊಟ ಮಾಡ್ತಿದಾನೆ." ಮಾವ ಸರ ಸುತ್ತಿಕೊಂಡು ಗೇಟಿನ ಆಚೆ ಹೋದರು.

ಕ್ವಿಜ್_ಕುಮಾರ

ವೀರೇಂದ್ರ ಪಾಟೀಲರು ಇಂದಿರಾ ಪಕ್ಷದಿಂದಲೇ ಮುಖ್ಯಮಂತ್ರಿ ಆಗಿದ್ದಲ್ವಾ? ಎದುರು ಹೇಗೆ ನಿಂತರು?

ಹಳೇ_ಪೇಪರ್

ಅದು 1989ರಲ್ಲಿ. 1978ರಲ್ಲಿ ಅವರು ಜನತಾ ಪಕ್ಷದಲ್ಲಿದ್ದರು. ಇಂದಿರಾ ನಿಲ್ಲಲಿ ಅಂತ ಆ ಸೀಟು ಬಿಟ್ಟುಕೊಟ್ಟವರು ಡಿ.ಬಿ. ಚಂದ್ರೇಗೌಡರು. ಅಂದಹಾಗೆ ದೊಡ್ಡಮ್ಮ, ಈಗ 66 ಅಂದರೆ ಆಗ ನಿಮಗೆ 20. ಆಗ ಓಟಿನ ವಯಸ್ಸು 21 ಇತ್ತು, 18 ಆಗಿದ್ದು 1989ರಲ್ಲಿ. ನೀವು ಓಟು ಹಾಕಿದಿರಾ?

ತೋಟದಮನೆ_ದೊಡ್ಡಮ್ಮ

ಹಾಕಿದೆ. ನಮ್ಮ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಏನು ಬರೆದರೋ ಅದೇ ಹುಟ್ಟಿದ ದಿನ. ಪಟ್ಟಿಯಲ್ಲಿ ಹೆಸರಿತ್ತು, ಹಾಕಿದೆ. ಈಗ ಹಿಡಿದುಕೊಂಡು ಹೋಗುತ್ತೀಯೇನಪ್ಪಾ?

ಹಳೇ_ಪೇಪರ್

ಇಲ್ಲ ದೊಡ್ಡಮ್ಮ, ಕೈ ಮುಗಿದೆ.

ಕಡೂರು_ಕಾಂತ

ಆ ಕಾಲವೇ ಚೆನ್ನಾಗಿತ್ತು. ಬೇರೆ ಬೇರೆ ಪಕ್ಷ ಇದ್ದರೂ ಒಂದೇ ಪಂಕ್ತಿಯಲ್ಲಿ ಊಟ. ಈಗ ಮೊಬೈಲ್ ಬಂದು ಎಲ್ಲ ಹಾಳಾಯಿತು.

ಎಂಎ_ಮುಗಿಸಿದವಳು

ಚೆನ್ನಾಗಿತ್ತು ಯಾರಿಗೆ ಸಾರ್? ಜೀಪಿನಲ್ಲಿ ಓಡಾಡಿದವರಿಗಾ, ರೊಟ್ಟಿ ತಟ್ಟಿ ಬೊಬ್ಬೆ ಬಂದವರಿಗಾ? ಮನೆಯ ಹೆಂಗಸರನ್ನ ಯಾರಾದರೂ "ನಿಮ್ಮ ಅಭಿಪ್ರಾಯ ಏನು" ಅಂತ ಕೇಳಿದ್ದರಾ? ಜಗಳ ಇರಲಿಲ್ಲ ಅಂದರೆ ಅರ್ಧ ಮನೆ ಬಾಯಿ ಮುಚ್ಚಿಕೊಂಡಿತ್ತು ಅಂತ.

ತೋಟದಮನೆ_ದೊಡ್ಡಮ್ಮ

ಕೇಳಲಿಲ್ಲ, ನಿಜ. ಮಾವ ಇಂಥವರಿಗೆ ಹಾಕಿ ಅಂದರು, ಭಾವ ಅಂಥವರಿಗೆ ಹಾಕಿ ಅಂದರು. ನಾವು ಮೂವರೂ ಇಬ್ಬರಿಗೂ "ಹೂಂ" ಅಂದೆವು. ಒಳಗೆ ಹೋಗಿ ಏನು ಮಾಡಿದೆವು ಅಂತ ನಾವು ನಾವೇ ಹೇಳಿಕೊಂಡಿಲ್ಲ, ಇವತ್ತಿಗೂ.

ಎಂಎ_ಮುಗಿಸಿದವಳು

ಸೋತೆ ದೊಡ್ಡಮ್ಮ. 🙏

ನಿವೃತ್ತ_ಗುಮಾಸ್ತ

ಸೊಸೆಯವರೇ, ನಿಮ್ಮ ಮಾವ ಯಾವ ಕೆಲಸದಲ್ಲಿದ್ದರು?

ಸರಸ್ವತಿಪುರಂ_ಸೊಸೆ

ಸರ್ಕಾರಿ ನೌಕರಿ. ನಿವೃತ್ತಿಯಾಗಿ 14 ವರ್ಷ ಆಯಿತು. ಯಾಕೆ ಸಾರ್?

ನಿವೃತ್ತ_ಗುಮಾಸ್ತ

ಅಂದುಕೊಂಡೆ. ಮೂವತ್ತು ಚಿಲ್ಲರೆ ವರ್ಷ ಸರ್ಕಾರಿ ಕಡತ ನೋಡಿದವನಿಗೆ "ವಜಾ" ಅನ್ನುವ ಮಾತು ಲೆಕ್ಕದ ಮಾತಲ್ಲ ತಾಯಿ. ವಜಾ ಅಂದರೆ ಮನೆಗೆ ಕಳಿಸುವುದು. ನಾನೂ ಆ ಪದವನ್ನು ಬೇರೆಯವರ ಆದೇಶದಲ್ಲಿ ಟೈಪ್ ಮಾಡಿದವನೇ. ಕೈ ನಡುಗುತ್ತಿತ್ತು.

ಇನ್ನೊಂದು ಮಾತು. ನಿವೃತ್ತಿಯಾದ ಮೇಲೆ ಮನೆಯಲ್ಲಿ ನಮ್ಮನ್ನು ಯಾವುದಕ್ಕೂ ಕೇಳುವುದಿಲ್ಲ. ಯಾವ ಕಾರು ತರುವುದು, ಮೊಮ್ಮಗಳನ್ನು ಯಾವ ಶಾಲೆಗೆ ಹಾಕುವುದು, ಗೋಡೆಗೆ ಯಾವ ಬಣ್ಣ, ಎಲ್ಲ ತೀರ್ಮಾನ ಆದ ಮೇಲೆ ತಿಳಿಸುತ್ತಾರೆ. ತಪ್ಪು ಅಂತಲ್ಲ, ದುಡಿಯುವವರು ಅವರು. ಆದರೆ ಐದು ವರ್ಷಕ್ಕೊಮ್ಮೆ ಯಾರೋ ಒಬ್ಬರು ಚೀಟಿ ಕೊಟ್ಟು, ಹೆಸರು ಕೂಗಿ, ಬೆರಳಿಗೆ ಶಾಯಿ ಹಚ್ಚಿ, "ಹೋಗಿ, ನಿಮಗೆ ಬೇಕಾದ್ದನ್ನು ಒತ್ತಿ" ಅನ್ನುತ್ತಾರೆ. ಅದನ್ನೂ ಮಗ ತಿಂಡಿ ತಿನ್ನುವಾಗ ವಜಾ ಮಾಡಿದ. ಪಕ್ಷದ ವಿಷಯವೇ ಅಲ್ಲ ಇದು.

ಬನಶಂಕರಿ_ಬಾಡಿಗೆದಾರ

ಸಾರ್, ಒಂದು ತಮಾಷೆಗೆ ಇಷ್ಟೊಂದಾ? ಮಗ ನಗುತ್ತಾ ಹೇಳಿದ್ದಾರೆ ಪಾಪ.

ನಿವೃತ್ತ_ಗುಮಾಸ್ತ

ಇಡ್ಲಿ ಬಿಟ್ಟು ಎದ್ದವರು ನಗಲಿಲ್ಲವಲ್ಲಪ್ಪ.

ಲೆಕ್ಕದ_ಮೇಷ್ಟ್ರು

ವಜಾ ಅನ್ನುವುದು ಲೆಕ್ಕದಲ್ಲೂ ತಪ್ಪು. ಕಣದಲ್ಲಿ ಇಬ್ಬರೇ ಇದ್ದು, ಗೆಲುವು ಸೋಲು ಮಾತ್ರ ಎಣಿಸಿದರೆ ವಜಾ ಸರಿ. ಮೂರನೆಯವರು ಇದ್ದರೆ ಸರಿಯಲ್ಲ. ಠೇವಣಿ ಉಳಿಯಬೇಕಾದರೆ ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬೇಕು. ಲೋಕಸಭೆಗೆ ಠೇವಣಿ 25,000 ರೂಪಾಯಿ. ಇಬ್ಬರೂ ಮನೆಯಲ್ಲಿ ಮಲಗಿದರೆ ಆ ಲೆಕ್ಕವೂ ಬದಲಾಗುತ್ತದೆ. ನಿಮ್ಮ ಪಕ್ಕದಲ್ಲೇ ಸಂತೇಮರಹಳ್ಳಿ ಇದೆಯಲ್ಲ. 2004ರ ವಿಧಾನಸಭೆ ಚುನಾವಣೆಯಲ್ಲಿ ಧ್ರುವನಾರಾಯಣ 40,752, ಕೃಷ್ಣಮೂರ್ತಿ 40,751. ಒಂದೇ ಒಂದು ಓಟು. ಯಾವನಾದರೂ ಅಪ್ಪ ಮಗ ಮನೇಲಿ ಮಲಗಿದ್ದರೆ ಏನಾಗುತ್ತಿತ್ತು ಹೇಳಿ.

ಸರಸ್ವತಿಪುರಂ_ಸೊಸೆ

ಇದನ್ನು ಓದಿ ಖುಷಿಯಾಗಿ ಮಾವನಿಗೆ ಠೇವಣಿ ಲೆಕ್ಕ ಹೇಳಲು ಹೋದೆ. "ಏನಮ್ಮಾ, ನಮ್ಮ ಪಕ್ಷದ ಠೇವಣಿ ಹೋಗುತ್ತೆ ಅಂತೀಯಾ?" ಅಂದರು. ಈಗ ನನ್ನ ಮೇಲೂ ಸಿಟ್ಟು.

ಹುಬ್ಬಳ್ಳಿ_ಹೈದ

😂😂 ನಾ ಹೇಳಿದ್ದು ಸೆಲ್ ತೆಗೀರಿ ಅಂತ.

ಹಾವೇರಿ_ಅಕ್ಕ

ನಮ್ಮ ಮನೆಗೆ ರಾಜಕೀಯ ಟೀವಿಯಿಂದ ಬರಲಿಲ್ಲ, ಪಡಿತರ ಚೀಟಿಯಿಂದ ಬಂತು. ಹೋದ ವರ್ಷ ಗೃಹಲಕ್ಷ್ಮಿ ಅರ್ಜಿ ಶುರುವಾದಾಗ "ಮನೆ ಯಜಮಾನಿ ಯಾರು" ಅನ್ನುವ ಪ್ರಶ್ನೆ ಎದ್ದಿತು. ಚೀಟಿಯಲ್ಲಿ ಅತ್ತೆ ಹೆಸರು, ಆದರೆ ಅಡುಗೆ, ಸಂತೆ, ಎಮ್ಮೆ ಎಲ್ಲ ನಾನೇ. ತಿಂಗಳಿಗೆ 2,000 ಯಾರ ಖಾತೆಗೆ? ಒಂದು ವಾರ ಇಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ. ಕೊನೆಗೆ ಅತ್ತೆ ಖಾತೆಗೇ ಬಂತು. ಮೊದಲ ಕಂತು ಬಂದ ದಿನ ಅವರೇ ನನಗೆ 500 ಕೊಟ್ಟು, "ಬಳೆ ಹಾಕಿಸ್ಕೋ" ಅಂದರು. ಎರಡನೇ ಕಂತಿನಿಂದ ಅದೂ ಇಲ್ಲ.

ಕಡೂರು_ಕಾಂತ

ಅದಕ್ಕೇ ಹೇಳೋದು, ಬಿಟ್ಟಿ ಕೊಡಬಾರದು ಅಂತ. ದುಡಿದು ತಿನ್ನುವ ಅಭ್ಯಾಸ…

ಹಾವೇರಿ_ಅಕ್ಕ

ಎಮ್ಮೆ ಹಾಲು ಕರೆದು ನೋಡಿ ಅಣ್ಣಾ, ಆಮೇಲೆ ದುಡಿಯೋ ಮಾತು ಆಡೋಣ.

ನಿರ್ವಾಹಕ

ಇಲ್ಲಿಗೆ ನಿಲ್ಲಿಸಿ. ಯೋಜನೆ ಸರಿಯೋ ತಪ್ಪೋ ಅನ್ನುವ ಚರ್ಚೆಗೆ ಬೇರೆ ಜಾಗ ಇದೆ. ಕಾಂತಣ್ಣನ ಮುಂದಿನ ನಾಲ್ಕು ಉತ್ತರ ಅಳಿಸಿದ್ದೇನೆ.

ಫ್ರೀಮಾಂಟ್_ಗೌಡ

ನಾನು ಅಮೆರಿಕದಲ್ಲಿದ್ದೀನಿ. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ 43 ಜನ. ಊರಲ್ಲಿ ಬೆಳಗಾಗುವಾಗ ಇಲ್ಲಿ ಸಂಜೆ. ಆಫೀಸು ಮುಗಿಸಿ ನೋಡಿದರೆ 112 ಮೆಸೇಜು. ಚಿಕ್ಕಪ್ಪ ಕಳಿಸಿದ ಒಂದು ವಿಡಿಯೋ ಸುಳ್ಳು ಅಂತ ಸಾಕ್ಷಿ ಸಮೇತ ಹಾಕಿದೆ. ಅವರು ಕೈ ಮುಗಿಯುವ ಚಿತ್ರ ಹಾಕಿ ಅದೇ ವಿಡಿಯೋ ಮತ್ತೆ ಕಳಿಸಿದರು. ನಾನು ಗುಂಪು ಬಿಟ್ಟೆ. ಮಾರನೇ ದಿನ ಅಮ್ಮನ ಫೋನು, "ವಾಪಸ್ ಸೇರ್ಕೋ ಮಾರಾಯ. ನಾನೇ ನಿನ್ನ ಎತ್ತಿಕಟ್ಟಿದೀನಿ ಅಂತ ಚಿಕ್ಕಪ್ಪ ಅಂದ್ಕೊಂಡಿದಾರೆ. ಮಾವಿನಕಾಯಿ ಕಳಿಸೋದೂ ನಿಲ್ಲಿಸಿದಾರೆ."

ಬಯಲುಸೀಮೆ_ಬಸ್ಯಾ

ಸಾರ್ ನಿಮ್ಮ ಓಟು ಎಲ್ಲಿದೆ?

ಫ್ರೀಮಾಂಟ್_ಗೌಡ

ಪಾಸ್‌ಪೋರ್ಟ್ ಇನ್ನೂ ಭಾರತದ್ದೇ. ಆದರೆ ಅನಿವಾಸಿಗಳು ಹೆಸರು ಸೇರಿಸಿದರೂ ಊರಿಗೇ ಬಂದು ಹಾಕಬೇಕು. ಟಿಕೆಟ್ ದರ ನೋಡಿ ಸುಮ್ಮನಾದೆ.

ಬಯಲುಸೀಮೆ_ಬಸ್ಯಾ

ಓಟು ಹಾಕದವರದೇ ಜಗಳ ಜಾಸ್ತಿ ನೋಡಿ. ನಮ್ಮೂರಲ್ಲೂ ಹಾಗೇ.

ಫ್ರೀಮಾಂಟ್_ಗೌಡ

ಮಾವಿನಕಾಯಿ ಹೋಗಿದ್ದು ನಮ್ಮಮ್ಮನಿಗೆ ಸ್ವಾಮಿ, ಅದು ನಿಜವಾದ ನಷ್ಟ.

ಮಸ್ಟರಿಂಗ್_ಮೇಡಂ

ನಾನು ಪ್ರೌಢಶಾಲೆ ಶಿಕ್ಷಕಿ. ಪ್ರತಿ ಚುನಾವಣೆಗೂ ಡ್ಯೂಟಿ. ಹಿಂದಿನ ದಿನ ಮಸ್ಟರಿಂಗ್‌ಗೆ, ಅಂದರೆ ಮತಯಂತ್ರ ಪಡೆಯಲು, ಹೋಗಿ ಪೆಟ್ಟಿಗೆ ಎಣಿಸಿಕೊಂಡು, ಶಾಲೆಯ ಬೆಂಚಿನ ಮೇಲೆ ಮಲಗಿ, ಮಾರನೇ ದಿನ ಎಲ್ಲ ವಾಪಸ್ ಒಪ್ಪಿಸುವ ಡಿ-ಮಸ್ಟರಿಂಗ್ ಮುಗಿಸಿ ಮನೆ ಸೇರುವಾಗ ಮಧ್ಯರಾತ್ರಿ. ನಮಗೆ ಮತಗಟ್ಟೆಯಲ್ಲಿ ಕಾಣುವುದು ಕುಟುಂಬಗಳೇ. ಹೆಂಡತಿ ಜೊತೆ ಒಳಗೆ ಬಂದು "ಅವಳಿಗೆ ಗೊತ್ತಾಗಲ್ಲ, ನಾನೇ ತೋರಿಸ್ತೀನಿ" ಅನ್ನುವ ಗಂಡ ಒಬ್ಬನಾದರೂ ಇದ್ದೇ ಇರುತ್ತಾನೆ. ಕಣ್ಣು ಕಾಣದವರಿಗೆ, ಅಶಕ್ತರಿಗೆ ಮಾತ್ರ ಜೊತೆಗಾರರನ್ನು ಬಿಡುತ್ತೇವೆ. ಅವರಿಗೂ 18 ತುಂಬಿರಬೇಕು, ಒಬ್ಬರು ಒಬ್ಬರಿಗೆ ಮಾತ್ರ.

ಈ ಸಲ ಒಬ್ಬ ಅಜ್ಜಿ. ಮಗ ಬಾಗಿಲ ತನಕ ಕೈ ಹಿಡಿದು ತಂದು ಬಿಟ್ಟ. ಅಜ್ಜಿ ನನ್ನ ಮೇಜಿನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು, "ಒತ್ತಿದ್ದು ಯಾವುದು ಅಂತ ಅವನಿಗೆ ಗೊತ್ತಾಗ್ತದಾ?" ಇಲ್ಲ ಅಜ್ಜಿ, ಪಕ್ಕದ ಗಾಜಿನಲ್ಲಿ ಚೀಟಿ ಏಳು ಸೆಕೆಂಡು ಕಾಣಿಸುತ್ತದೆ, ಅದೂ ನಿಮಗೊಬ್ಬರಿಗೇ, ಆಮೇಲೆ ಒಳಗೆ ಬೀಳುತ್ತದೆ ಅಂದೆ. "ಹಾಗಾದರೆ ಸರಿ" ಅಂತ ಸೆರಗು ಸರಿಮಾಡಿಕೊಂಡು ಹೋದರು. ಹೊರಗೆ ಹೋಗಿ ಮಗನಿಗೆ ಏನೋ ಹೇಳಿದರು, ಅವನು ತುಂಬ ಖುಷಿಯಲ್ಲಿದ್ದ.

ತೋಟದಮನೆ_ದೊಡ್ಡಮ್ಮ

ಆ ಅಜ್ಜಿ ನಮ್ಮ ಕಡೆಯವರೇ ಇರಬೇಕು.

ಕುಂದಾಪ್ರ_ಮಾಣಿ

ನಮ್ಮ ಅಜ್ಜಿಯದು ಬೇರೆ ಕಥೆ. ಹೋದ ವರ್ಷ ವಿಧಾನಸಭೆಗೆ 80 ದಾಟಿದವರಿಗೆ ಮನೆಯಲ್ಲೇ ಓಟು ಇತ್ತು. ಅಜ್ಜಿಗೆ 82. ಸಿಬ್ಬಂದಿ, ಪೊಲೀಸು, ವಿಡಿಯೋದವರು ಎಲ್ಲ ಬಂದರು. ನಮ್ಮನ್ನೆಲ್ಲ ಅಂಗಳಕ್ಕೆ ಕಳಿಸಿದರು. ಅಜ್ಜಿಗೆ ಕಿವಿ ಕೇಳುವುದಿಲ್ಲ, ಹಾಗಾಗಿ ಮಾತು ಜೋರು. "ನಂದು ಯಾವ ಚಿಹ್ನೆ ಅಂದ್ರೆ" ಅಂತ ಶುರು ಮಾಡಿ ಚಿಹ್ನೆ ಹೆಸರು ಕೂಗಿದರು ನೋಡಿ, ಆಚೆ ಮನೆ ದನ ಕೂಡ ತಿರುಗಿ ನೋಡಿತು. ಅಪ್ಪನದು ಅದಲ್ಲ, ಚಿಕ್ಕಪ್ಪನದೂ ಅದಲ್ಲ. ಗುಪ್ತ ಮತದಾನ!

ಈ ವರ್ಷ ಆ ವಯಸ್ಸನ್ನು 85ಕ್ಕೆ ಏರಿಸಿದ್ದಾರೆ. ಅಜ್ಜಿಗೆ 83. ಆಟೋದಲ್ಲಿ ಕೂರಿಸಿಕೊಂಡು ಹೋಗಬೇಕಾಯಿತು. "ಹೋದ ವರ್ಷ ನಾನು ಮುದುಕಿ, ಈ ವರ್ಷ ಹುಡುಗಿಯಾ?" ಅಂತ ದಾರಿಯುದ್ದಕ್ಕೂ ಬೈಗುಳ.

ದಾವಣಗೆರೆ_ಬೆಣ್ಣೆ

ನಾವು ಮನೆಯಲ್ಲಿ ಪಕ್ಷದ ಹೆಸರೇ ಬಿಟ್ಟಿದ್ದೇವೆ. ಒಂದು ಉಪ್ಪಿಟ್ಟು, ಇನ್ನೊಂದು ಅವಲಕ್ಕಿ. "ಉಪ್ಪಿಟ್ಟಿನವರು ರೋಡ್ ಶೋ ಮಾಡಿದರಂತೆ" ಅಂದರೆ ಯಾರಿಗೂ ಸಿಟ್ಟೇ ಬರುವುದಿಲ್ಲ, ನಗು ಬರುತ್ತದೆ.

ಬನಶಂಕರಿ_ಬಾಡಿಗೆದಾರ

ಉಪ್ಪಿಟ್ಟು ಯಾರು ಅಂತ ಮೊದಲು ಹೇಳಿ. ನಮ್ಮ ಪಕ್ಷಕ್ಕೆ ಅವಮಾನ ಆಗಬಾರದು.

ದಾವಣಗೆರೆ_ಬೆಣ್ಣೆ

ಉಪ್ಪಿಟ್ಟಿನಲ್ಲಿ ಅವಮಾನ ಏನು ಬಂತು? ಬನ್ಸಿ ರವೆಯಲ್ಲಿ ಮಾಡಿ, ಮೇಲೆ ತುಪ್ಪ ಬಿಟ್ಟು ತಿಂದು ನೋಡಿ.

ಬಯಲುಸೀಮೆ_ಬಸ್ಯಾ

ಬನ್ಸಿ ರವೆ ಅಂದರೆ ಹಸಿಕಾಳು, ಕ್ಯಾರೆಟ್ಟು ಹಾಕಲೇಬೇಕು. ಸಣ್ಣ ರವೆಯದು ಆಸ್ಪತ್ರೆ ಉಪ್ಪಿಟ್ಟು.

ಎಂಎ_ಮುಗಿಸಿದವಳು

ಸಣ್ಣ ರವೆಗೆ ಅವಮಾನ ಮಾಡಬೇಡಿ, ನಮ್ಮಮ್ಮ ಅದರಲ್ಲೇ ನನ್ನ ಸಾಕಿದ್ದು.

ನಿರ್ವಾಹಕ

ಪಕ್ಷದ ಹೆಸರು ಬಂದಾಗಲೂ ಇಷ್ಟು ಗಲಾಟೆ ಆಗಿರಲಿಲ್ಲ. ರವೆ ವಿಷಯ ಇಲ್ಲಿಗೆ ಸಾಕು.

ಹೆಸರು_ಬೇಡ

ಎಲ್ಲರೂ ನಗುತ್ತಿದ್ದೀರಿ, ನಡುವೆ ಬಂದು ಬರೆಯಲು ಸಂಕೋಚ. ನಮ್ಮದು ಬೇರೆ ಬೇರೆ ಜಾತಿಯ ಮದುವೆ. ಏಳು ವರ್ಷ ಆಯಿತು. ಉಳಿದ ದಿನ ಎಲ್ಲ ಚೆನ್ನಾಗೇ ಇರುತ್ತದೆ. ಚುನಾವಣೆ ಬಂದರೆ ಊಟದ ಹೊತ್ತಿಗೆ "ಅವರು" ಅನ್ನುವ ಮಾತು ಶುರುವಾಗುತ್ತದೆ. ಅವರಿಗೆ ಎಷ್ಟು ಕೊಟ್ಟರೂ ಸಾಲದು, ಅವರ ಓಟೆಲ್ಲ ಒಂದೇ ಕಡೆ, ಹೀಗೆ. "ಅವರು" ಅಂದರೆ ನನ್ನ ತವರಿನವರು. ನಾನು ಅಲ್ಲೇ ನಿಂತು ಸಾರು ಬಡಿಸುತ್ತಿರುತ್ತೇನೆ. ಯಾರಾದರೂ ಒಬ್ಬರು ನನ್ನ ಮುಖ ನೋಡಿ, "ಅಯ್ಯೋ, ನಿನ್ನನ್ನಲ್ಲಮ್ಮ" ಅನ್ನುತ್ತಾರೆ. ಅದು ಇನ್ನೂ ಕಷ್ಟ.

ಸೊಸೆಯವರ ಮನೆಯಲ್ಲಿ ಅಪ್ಪ ಮಗ ಮಾತು ಬಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಎಲ್ಲರೂ ಮಾತಾಡುತ್ತಾರೆ.

ಹಾವೇರಿ_ಅಕ್ಕ

ನಿಮ್ಮ ಯಜಮಾನರು ಏನೂ ಅನ್ನುವುದಿಲ್ಲವಾ?

ಹೆಸರು_ಬೇಡ

ಮೊಸರು ಕೇಳುತ್ತಾರೆ.

ಎಂಎ_ಮುಗಿಸಿದವಳು

ಮುಂದಿನ ಸಲ ಸಾರಿನ ಪಾತ್ರೆ ಮೇಜಿನ ಮೇಲೆ ಇಟ್ಟು ನೀವೂ ಕೂತುಬಿಡಿ. ಬೇಕಾದವರು ಬಡಿಸಿಕೊಳ್ಳಲಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಎದುರಿಗೆ ಕೂತು ಊಟ ಮಾಡುವವರ ಬಗ್ಗೆ ಮಾತಾಡುವುದು ನಿಂತು ಬಡಿಸುವವರ ಬಗ್ಗೆ ಮಾತಾಡಿದಷ್ಟು ಸುಲಭ ಅಲ್ಲ.

ಗ್ರಾಪಂ_ಸೋತವನು

ಲೋಕಸಭೆ ಏನು ಮಹಾ. ಗ್ರಾಮ ಪಂಚಾಯಿತಿ ಚುನಾವಣೆ ನೋಡಿದ್ದೀರಾ? ಕಾಗದದ ಮೇಲೆ ಪಕ್ಷವೇ ಇಲ್ಲ, ಆಟೋ, ಹೊಲಿಗೆ ಯಂತ್ರ ಅಂತ ಚಿಹ್ನೆ. 2020ರ ಡಿಸೆಂಬರಿನಲ್ಲಿ ಮಹಿಳಾ ಮೀಸಲು ಬಂತು ಅಂತ ನನ್ನ ಹೆಂಡತಿಯನ್ನು ನಿಲ್ಲಿಸಿದೆ. ನಮ್ಮಣ್ಣ ಅತ್ತಿಗೆಯನ್ನು ನಿಲ್ಲಿಸಿದ. ಓರಗಿತ್ತಿಯರಿಬ್ಬರೂ ಒಂದೇ ಬಾವಿಯಲ್ಲಿ ನೀರು ಸೇದುವವರು. ಪ್ರಚಾರಕ್ಕೆ ಹೋದಾಗ ಒಬ್ಬರ ಸೀರೆ ಇನ್ನೊಬ್ಬರು ಉಟ್ಟಿದ್ದರು, ಎರಡೂ ಕಡೆ ಒಳ್ಳೆ ಸೀರೆ ಒಂದೇ ಇದ್ದದ್ದು.

11 ಓಟಿನಲ್ಲಿ ಸೋತೆವು. ವಂಶದಲ್ಲೇ 30 ಓಟಿದೆ. ಆ 11 ಯಾರು ಯಾರು ಅಂತ ನಮ್ಮವ್ವ ಸಾಯುವ ತನಕ ಎಣಿಸಿದಳು. ಅಂಗಳದ ನಡುವೆ ಗೋಡೆ ಎದ್ದಿದೆ. ಹೆಂಗಸರು ಮಾತ್ರ ಗೋಡೆ ಮೇಲಿಂದ ಸಾರು ದಾಟಿಸುತ್ತಾರೆ. ನಾವು ಅಣ್ಣ ತಮ್ಮ ಅದು ಯಾರ ಮನೆ ಸಾರು ಅಂತ ಗೊತ್ತಿಲ್ಲದವರ ಹಾಗೆ ತಿನ್ನುತ್ತೇವೆ.

ನಿವೃತ್ತ_ಗುಮಾಸ್ತ

ಗೋಡೆ ಎಷ್ಟು ಎತ್ತರ?

ಗ್ರಾಪಂ_ಸೋತವನು

ಸಾರು ದಾಟುವಷ್ಟು.

ಸರಸ್ವತಿಪುರಂ_ಸೊಸೆ | 12 ಮೇ, ರಾತ್ರಿ 9:15

ಸುದ್ದಿ ಇದೆ! ನಾದಿನಿ, ಅಳಿಯಂದಿರು, ಮಕ್ಕಳು ಎಲ್ಲ ಬಂದಿದ್ದಾರೆ. ಗುಮಾಸ್ತರ ಉತ್ತರವನ್ನು ಇವರಿಗೆ ತೋರಿಸಿದ್ದೆ. ಓದಿ ಫೋನು ವಾಪಸ್ ಕೊಟ್ಟರು. ಆಮೇಲೆ ಎರಡು ದಿನ ಟೀವಿ ಹತ್ತಿರವೇ ಹೋಗಲಿಲ್ಲ. ಆದರೂ ಮಾತಾಡಲಿಲ್ಲ. ಗಂಡಸರು.

ಇವತ್ತು ಭಾನುವಾರ. ಅತ್ತೆ ಬೂದುಗುಂಬಳ ತುರಿದು ಅರಳು ಸಂಡಿಗೆ ಇಟ್ಟಿದ್ದರು. ತಾರಸಿ ಮೇಲೆ ಎರಡು ಹಳೇ ಪಂಚೆ ತುಂಬ. ಮೊದಲೆಲ್ಲ ಪಾತ್ರೆ ಹೊತ್ತು ಕೊಡುವುದು ಇವರು, ಕೋಲು ಹಿಡಿದು ಕಾಗೆ ಕಾಯುವುದು ಮಾವ. ಈ ಸಲ ಇವರು ಪಾತ್ರೆ ಇಟ್ಟು ಕೆಳಗೆ ಬಂದ ಮೇಲೇ ಮಾವ ಮೇಲೆ ಹತ್ತಿದರು. ಮೆಟ್ಟಿಲಲ್ಲೂ ಎದುರಾಗಬಾರದು! ನಾಲ್ಕು ಗಂಟೆಗೆ ಮಾವ ಕಾಫಿಗೆ ಇಳಿದಿದ್ದರು. ಕಪ್ಪಗೆ ಮೋಡ ಬಂತು, ನೋಡನೋಡುತ್ತಿದ್ದಂತೆ ದಪ್ಪ ಹನಿ. ಅತ್ತೆ ಅಡುಗೆಮನೆಯಿಂದ ಕಿರುಚಿದರು, "ಸಂಡಿಗೆ!" ಇಬ್ಬರೂ ಒಟ್ಟಿಗೆ ಓಡಿದರು. ನಾನು ಹಿಂದೆ ಓಡಿ ಹೋಗಿ ನೋಡಿದರೆ, ಪಂಚೆಯ ಎರಡು ತುದಿ ಮಾವನ ಕೈಯಲ್ಲಿ, ಎರಡು ಇವರ ಕೈಯಲ್ಲಿ. ನಡುವೆ ಹಸಿ ಸಂಡಿಗೆ ಎಲ್ಲ ಜಾರಿ ಗುಡ್ಡೆಯಾಗುತ್ತಿದೆ. ಮಾವ ಕೂಗಿದರು, "ಆ ಕಡೆ ಎತ್ತೋ, ಎತ್ತು! ಬಿಗಿಯಾಗಿ ಹಿಡಿ! ಓದಿಸಿದ್ದೆಲ್ಲ ದಂಡ!"

16 ದಿನದ ಮೇಲೆ ಮೊದಲ ಮಾತು. ಇವರ ಮುಖ ನೋಡಬೇಕಿತ್ತು ನೀವು, ಬೈಸಿಕೊಂಡು ಅಷ್ಟು ಖುಷಿ.

ಅರ್ಧ ಸಂಡಿಗೆ ಹಾಳಾಯಿತು. ಅತ್ತೆ ಮಾತ್ರ ಇಬ್ಬರನ್ನೂ ಕ್ಷಮಿಸಿಲ್ಲ.

ತೋಟದಮನೆ_ದೊಡ್ಡಮ್ಮ

ಮುದ್ದೆಯಾದ ಸಂಡಿಗೆಯನ್ನು ಬಿಸಾಡಬೇಡಿ. ಹಾಗೇ ಬಿಡಿಸಿ ಮನೆಯೊಳಗೆ ಫ್ಯಾನ್ ಕೆಳಗೆ ಇಟ್ಟು, ಬಿಸಿಲು ಬಂದಾಗ ಮತ್ತೆ ಹಾಕಿ. ಆಕಾರ ಕೆಡುತ್ತದೆ, ರುಚಿ ಕೆಡುವುದಿಲ್ಲ.

ಕ್ವಿಜ್_ಕುಮಾರ

ಶಾಯಿ ಹೋಗುವ ಮೊದಲೇ ರಾಜಿ ಆಯಿತು ಅನ್ನಿ. ಅಂದಹಾಗೆ ಆ ಶಾಯಿ ನಿಮ್ಮೂರಿನದೇ. ಮೈಸೂರು ಪೇಂಟ್ಸ್ ಕಾರ್ಖಾನೆಯದು, 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅದೇ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ. ಚರ್ಮದ ಮೇಲಿನದು ಬೇಗ ಹೋಗುತ್ತದೆ, ಉಗುರಿನದು ಉಗುರು ಬೆಳೆದು ಕತ್ತರಿಸುವ ತನಕ ಇರುತ್ತದೆ.

ಸರಸ್ವತಿಪುರಂ_ಸೊಸೆ

ನಮ್ಮ ಮಾವ ಉಗುರು ಕತ್ತರಿಸುವಾಗಲೂ ಆ ಬೆರಳು ಬಿಟ್ಟಿದ್ದಾರೆ.

ಬನಶಂಕರಿ_ಬಾಡಿಗೆದಾರ | 19 ಮೇ

ನಿನ್ನೆ ರಾತ್ರಿ ಯಾರ ಮನೇಲಾದರೂ ಜಗಳ ಆಯಿತಾ? ನಮ್ಮ ಮನೇಲಿ ಅಪ್ಪ, ನಾನು, ಓನರ್, ಓನರ್ ಅಳಿಯ, ನಾಲ್ಕು ಪಕ್ಷದವರು ಒಂದೇ ಸೋಫಾ. ಆರ್‌ಸಿಬಿ ಚೆನ್ನೈಯನ್ನ 27 ರನ್ನಿಂದ ಹೊಡೆದು ಹಾಕಿತು. ಪ್ಲೇಆಫ್‌ಗೆ 18 ರನ್ನಿಂದ ಗೆದ್ದರೆ ಸಾಕಿತ್ತು! ಅಪ್ಪ ಓನರನ್ನ ತಬ್ಬಿಕೊಂಡರು. ಬಾಡಿಗೆ ಮಾತ್ರ ಇಳಿಸಲಿಲ್ಲ.

ಹುಬ್ಬಳ್ಳಿ_ಹೈದ | 23 ಮೇ

ರಾಜಸ್ಥಾನದ ಮುಂದ ಸೋತ್ವಿ. ಮತ್ತ ರಾಜಕೀಯಕ್ಕ ವಾಪಸ್.

ಸರಸ್ವತಿಪುರಂ_ಸೊಸೆ | 2 ಜೂನ್

ನಿನ್ನೆ ಸಂಜೆ ಮತಗಟ್ಟೆ ಸಮೀಕ್ಷೆ ಬಂತು. ಮತ್ತೆ ಶುರು. ಆದರೆ ಈಗ ಇಬ್ಬರೂ ನೇರವಾಗಿ ಕೂಗಾಡುತ್ತಾರೆ, ಮಗಳಿಗೆ ಕೆಲಸ ಹೋಗಿದೆ. ಅಳಿಯಂದಿರು "ಎಲ್ಲರೂ ಕಳ್ಳರೇ" ಅಂದಾಗ ಅಪ್ಪ ಮಗ ಇಬ್ಬರೂ ಸೇರಿ ಅವರ ಮೇಲೆ ಬಿದ್ದರು. ಪಾಪ, ಇವತ್ತು ಬೆಳಗ್ಗಿನ ಬಸ್ಸಿಗೇ ಹೊರಟುಬಿಟ್ಟರು. ನಾದಿನಿ ಇನ್ನೂ ಒಂದು ವಾರ ಇರುತ್ತಾಳೆ.

ಹೆಸರು_ಬೇಡ | 2 ಜೂನ್

ಎಂಎ ಮೇಡಂ, ಮೊನ್ನೆ ಕೂತೆ. ನನ್ನ ತಟ್ಟೆಗೆ ನಾನೇ ಬಡಿಸಿಕೊಂಡೆ. ಸ್ವಲ್ಪ ಹೊತ್ತು ಯಾರೂ ಏನೂ ಮಾತಾಡಲಿಲ್ಲ. ಆಮೇಲೆ ಮಾವ ಉಪ್ಪಿನಕಾಯಿ ಇತ್ತ ಸರಿಸಿದರು. ಅಷ್ಟೇ ಆಗಿದ್ದು.

ಎಂಎ_ಮುಗಿಸಿದವಳು

ನಾಳೆಯೂ ಕೂತ್ಕೊಳ್ಳಿ.

ಫ್ರೀಮಾಂಟ್_ಗೌಡ | 5 ಜೂನ್

ಸರಸ್ವತಿಪುರಂ ಮೇಡಂ, ನಿಮ್ಮ ಮನೇಲಿ ಯಾರು ಗೆದ್ದರು?

ಸರಸ್ವತಿಪುರಂ_ಸೊಸೆ | 5 ಜೂನ್, ಮಧ್ಯಾಹ್ನ 2:10

ಇಬ್ಬರೂ! ಒಬ್ಬರು "ಸರ್ಕಾರ ನಮ್ಮದೇ" ಅಂತಾರೆ, ಇನ್ನೊಬ್ಬರು "ನಾವು ಎಷ್ಟು ಏರಿದೆವು ನೋಡಿ" ಅಂತಾರೆ. ನಿನ್ನೆ ಸಂಜೆ ಒಬ್ಬರಿಗೊಬ್ಬರು ಹೇಳದೆ ಹೋಗಿ ಇಬ್ಬರೂ ಅರ್ಧ ಅರ್ಧ ಕೇಜಿ ಮೈಸೂರು ಪಾಕ್ ತಂದರು. ಅತ್ತೆಗೆ ಸಕ್ಕರೆ ಕಾಯಿಲೆ. ಎರಡೂ ಡಬ್ಬಿಯಿಂದ ಒಂದೊಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. "ನಿನ್ನ ಓಟು ಯಾರಿಗೆ ಅಂತ ಈಗಲಾದರೂ ಹೇಳೇ" ಅಂತ ಮಾವ ಕೇಳಿದರು. "ತುಪ್ಪ ಕಡಿಮೆ ಆಗಿದೆ" ಅಂದರು.

ಪೇಪರ್ ವಿಷಯ ಕೇಳುತ್ತೀರಿ ಅಂತ ಗೊತ್ತು. ಕ್ರೀಡಾ ಪುಟ ಇನ್ನೂ ಕಾಫಿ ಲೋಟದ ಪಕ್ಕಕ್ಕೆ ಬಂದಿಲ್ಲ. ದಿಂಬಿನ ಕೆಳಗಿಂದ ಟೀಪಾಯಿ ಮೇಲಕ್ಕೆ ಬಂದಿದೆ. ಬೇಕಾದವರು ತಗೋಬಹುದು.

ಬಯಲುಸೀಮೆ_ಬಸ್ಯಾ

ಎಲ್ಲ ಸರಿ, ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಚುನಾವಣೆ ಯಾವಾಗ? 2021ರಿಂದ ಕಾಯ್ತಿದೀವಿ.

ಗ್ರಾಪಂ_ಸೋತವನು

ಬಾಯಿ ಮುಚ್ಚು ಮಾರಾಯ, ಗೋಡೆ ಈಗ ಒಂದು ಕಲ್ಲು ಇಳಿದಿದೆ.